ಕಣ್ಣಿಗೆ ಕಾಣದಷ್ಟು ತಪ್ಪು

1972ರಲ್ಲಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿಗೆ ಒಂದು ಅರ್ಜಿ ಬಂತು. ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಯ ಅಧ್ಯಾಪಕರೊಬ್ಬರು ಸಂಶೋಧನೆಗೆ ಹಣ ಕೇಳಿದ್ದರು. ಚಿತ್ರದ ಮಾಹಿತಿಯನ್ನು ಕೊಸೈನ್ ಅಲೆಗಳ ಮೂಲಕ ಚಿಕ್ಕದಾಗಿಸಲು ಆಗುತ್ತದೆಯೇ ಎಂದು ನೋಡುವುದು ಅವರ ಆಸೆ. ಹಣ ಮಂಜೂರಾಗಲಿಲ್ಲ. ಅರ್ಜಿಯನ್ನು ಓದಿದ ಪರಿಶೀಲಕರೊಬ್ಬರಿಗೆ ಈ ವಿಚಾರ ತೀರಾ ಸರಳ ಎನಿಸಿತ್ತು.

ಅರ್ಜಿ ಹಾಕಿದವರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಕೆ.ಆರ್. ಸರ್ಕಲ್‌ನಲ್ಲಿ ನಾವೀಗ ಯುವಿಸಿಇ ಎಂದು ಕರೆಯುವ ಕಾಲೇಜಿನಿಂದ 1961ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದು ಅಮೆರಿಕಕ್ಕೆ ಹೋದರು. ಇಂದು ನಿಮ್ಮ ಫೋನಿನ ಗ್ಯಾಲರಿಯಲ್ಲಿ ಜೆಪಿಇಜಿ ರೂಪದಲ್ಲಿರುವ ಪ್ರತಿಯೊಂದು ಫೋಟೊ ನಿಂತಿರುವುದು ಆ ಸರಳ ವಿಚಾರದ ಮೇಲೆಯೇ. ಅದರ ಬೇರು ಹುಡುಕಿಕೊಂಡು ಹೋದರೆ ಕಂಪ್ಯೂಟರೂ ಇಲ್ಲದ, ಕ್ಯಾಮೆರಾ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲಕ್ಕೆ, ಉಗಿಯಂತ್ರಗಳ ನಡುವೆ ಹೋಗಿ ನಿಲ್ಲಬೇಕಾಗುತ್ತದೆ.

ರಷ್ಯಾದ ಗಣಿತಜ್ಞ ಪಫ್ನುಟಿ ಚೆಬಿಶೆವ್ 1852ರಲ್ಲಿ ಫ್ರಾನ್ಸ್, ಇಂಗ್ಲೆಂಡ್, ಜರ್ಮನಿ ಸುತ್ತಿದರು. ಗಣಿತಜ್ಞರ ಭೇಟಿಯಷ್ಟೇ ಆಸ್ಥೆಯಿಂದ ಅವರು ಕಾರ್ಖಾನೆಗಳನ್ನೂ ನೋಡಿದರು. ಅವರನ್ನು ಹಿಡಿದಿಟ್ಟದ್ದು ಜೇಮ್ಸ್ ವಾಟ್ 1784ರಲ್ಲಿ ಪೇಟೆಂಟ್ ಪಡೆದಿದ್ದ ಸಲಾಕೆಗಳ ಒಂದು ಜೋಡಣೆ. ಉಗಿಯಂತ್ರದ ಪಿಸ್ಟನ್ ನೇರವಾಗಿ ಮೇಲೆ ಕೆಳಗೆ ಹೋಗಬೇಕು. ಅದಕ್ಕೆ ಜೋಡಿಸಿದ ದೊಡ್ಡ ತೊಲೆಯ ತುದಿ ಮಾತ್ರ ಕಮಾನಿನಂತೆ ಬಾಗಿ ಚಲಿಸುತ್ತದೆ. ವಾಟ್‌ನ ಜೋಡಣೆ ಈ ಬಾಗಿದ ಚಲನೆಯನ್ನು ಹೆಚ್ಚುಕಡಿಮೆ ನೇರವಾಗಿಸುತ್ತಿತ್ತು. ಪೂರ್ತಿ ನೇರ ಆಗುತ್ತಿರಲಿಲ್ಲ. ಉಳಿದ ಸಣ್ಣ ಓರೆಯಿಂದ ಯಂತ್ರ ಸವೆಯುತ್ತಿತ್ತು.

ಓರೆಯನ್ನು ಪೂರ್ತಿ ತೆಗೆಯುವುದು ಹೇಗೆ ಎಂದು ಚೆಬಿಶೆವ್ ಕೇಳಲಿಲ್ಲ. ಓರೆ ಇರುವುದೇ ಆದರೆ, ಅದು ಅತಿ ಹೆಚ್ಚಾಗುವ ಜಾಗದಲ್ಲೂ ಆದಷ್ಟು ಕಡಿಮೆ ಇರುವಂತೆ ಸಲಾಕೆಗಳನ್ನು ಹೇಗೆ ಜೋಡಿಸಬೇಕು ಎಂದು ಕೇಳಿದರು. 1854ರಲ್ಲಿ ಪ್ರಕಟವಾದ ಅವರ ಪ್ರಬಂಧ ಈ ಪ್ರಶ್ನೆಯಿಂದ ಹೊರಟು ಗಣಿತದ ಹೊಸದೊಂದು ಶಾಖೆಗೇ ಬುನಾದಿ ಹಾಕಿತು. ಅಂದಾಜು ಎಂದರೆ ಬೇಜವಾಬ್ದಾರಿಯ ಲೆಕ್ಕವೆಂದು ನಾವು ಶಾಲೆಯಲ್ಲಿ ಕಲಿತುಬಿಡುತ್ತೇವೆ. ಅಂದಾಜಿಗೂ ಒಂದು ಶಿಸ್ತಿದೆ, ತಪ್ಪನ್ನು ಅಳೆಯುವ ಕೋಲು ಯಾವುದೆಂದು ಮೊದಲೇ ಹೇಳಿಬಿಟ್ಟರೆ ಅತ್ಯುತ್ತಮ ಅಂದಾಜನ್ನು ಸಾಧಿಸಿಯೇ ತೋರಿಸಬಹುದು ಎಂದು ಚೆಬಿಶೆವ್ ತೋರಿಸಿದರು. ನನ್ನ ಮಟ್ಟಿಗೆ 19ನೇ ಶತಮಾನದ ಗಣಿತದ ಅತ್ಯಂತ ಉಪಕಾರಿ ಮಾತು ಇದು.

ಈ ಹುಡುಕಾಟದಲ್ಲಿ ಅವರ ಹೆಸರಿನ ಬಹುಪದಗಳು ಹುಟ್ಟಿದವು. ಅವುಗಳ ಗುಟ್ಟು ಚಿಕ್ಕದು: ಒಂದು ಕೋನದ ಕೊಸೈನ್ ಬೆಲೆಯನ್ನು ಚೆಬಿಶೆವ್ ಬಹುಪದಕ್ಕೆ ಕೊಟ್ಟರೆ ಆ ಕೋನದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟರ ಕೊಸೈನ್ ಹೊರಬರುತ್ತದೆ. ಬಹುಪದದ ವೇಷದಲ್ಲಿರುವುದು ಕೊಸೈನೇ. ಈ ನಂಟು ಚಿತ್ರದ ಕೆಲಸಕ್ಕೆ ಬರಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಅಲೆಗಳನ್ನು ಕೂಡಿಸಿ ಬೇಕಾದ ಆಕಾರ ಕಟ್ಟಬಹುದೆಂಬ ಮಾತು ಅದಕ್ಕೂ ಹಳೆಯದು. ಫ್ರಾನ್ಸಿನ ಜೋಸೆಫ್ ಫೂರಿಯೆ 1807ರಲ್ಲಿ ಶಾಖದ ಹರಿವಿನ ಬಗ್ಗೆ ಬರೆದ ಪ್ರಬಂಧದಲ್ಲಿ ಅದನ್ನು ಹೇಳಿದಾಗ ಲಗ್ರಾಂಜ್‌ರಂಥವರೇ ಒಪ್ಪಿರಲಿಲ್ಲ. ಫೂರಿಯೆಯ ಪುಸ್ತಕ ಹೊರಬಂದದ್ದು 1822ರಲ್ಲಿ. ಆ ಕಥೆ ಬೇಕಾದಷ್ಟು ಕಡೆ ಇದೆ, ಇಲ್ಲಿ ಬೆಳೆಸುವುದಿಲ್ಲ.

ಇನ್ನು ಚಿತ್ರ. 1965ರ ಜುಲೈನಲ್ಲಿ ಮ್ಯಾರಿನರ್ 4 ನೌಕೆ ಮಂಗಳ ಗ್ರಹದ ಪಕ್ಕದಲ್ಲಿ ಹಾದುಹೋಗುತ್ತಾ ತೆಗೆದ ಫೋಟೊಗಳಲ್ಲಿ ಸಾಲಿಗೆ 200ರಂತೆ 200 ಸಾಲು ಚುಕ್ಕಿಗಳಿದ್ದವು. ಒಂದೊಂದು ಚುಕ್ಕಿಯ ಬೆಳಕು 6 ಬಿಟ್‌ಗಳ ಒಂದು ಸಂಖ್ಯೆ. ನೌಕೆ ಸೆಕೆಂಡಿಗೆ 8.33 ಬಿಟ್ ಮಾತ್ರ ಕಳಿಸಬಲ್ಲದಾಗಿದ್ದರಿಂದ ಒಂದೇ ಫೋಟೊ ಭೂಮಿಗೆ ಬಂದು ಮುಟ್ಟಲು 8 ಗಂಟೆ ಹಿಡಿಯಿತು. ಚುಕ್ಕಿಯೊಂದಕ್ಕೆ ಒಂದು ಸಂಖ್ಯೆಯಂತೆ ಕಳಿಸುತ್ತ ಕೂತರೆ ಕೆಲಸ ಸಾಗದು ಎಂಬುದು ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕಪಕ್ಕದ ಚುಕ್ಕಿಗಳು ಬಹುಮಟ್ಟಿಗೆ ಒಂದೇ ತರಹ ಇರುತ್ತವಲ್ಲ, ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ಹೇಳುವುದೇಕೆ?

ಇದಕ್ಕೆ ಗಣಿತದಲ್ಲಿ ಪರಿಪೂರ್ಣ ಉತ್ತರ ಆಗಲೇ ಇತ್ತು. 1940ರ ದಶಕದಲ್ಲಿ ಕಾರ್ಹುನೆನ್ ಮತ್ತು ಲೊಯೆವ್ ಬೇರೆ ಬೇರೆಯಾಗಿ ಕಂಡುಕೊಂಡ ವಿಧಾನ ಅದು. ಸರಾಸರಿ ತಪ್ಪನ್ನು ವರ್ಗದ ಲೆಕ್ಕದಲ್ಲಿ ಅಳೆದರೆ ಅದಕ್ಕಿಂತ ಕಡಿಮೆ ತಪ್ಪು ಮಾಡುವ ದಾರಿ ಬೇರೊಂದಿಲ್ಲ. ತೊಡಕು ಬೇರೆ ಕಡೆ ಇತ್ತು. ಅದು ಪ್ರತಿಯೊಬ್ಬರ ಮೈ ಅಳತೆ ತೆಗೆದು ಹೊಲಿಯುವ ಅಂಗಿ. ಚಿತ್ರ ಬದಲಾದರೆ ಮೂಲ ಆಕಾರಗಳನ್ನು ಮತ್ತೆ ಮೊದಲಿನಿಂದ ಲೆಕ್ಕ ಹಾಕಬೇಕು, ಆ ಆಕಾರಗಳನ್ನೂ ಚಿತ್ರದ ಜೊತೆ ಕಳಿಸಬೇಕು. ಬೇಗ ಲೆಕ್ಕ ಮಾಡುವ ಉಪಾಯವೂ ಇರಲಿಲ್ಲ. ಅತ್ಯುತ್ತಮವಾದದ್ದು ಪುಸ್ತಕದಲ್ಲೇ ಉಳಿಯಿತು.

ಅಹ್ಮದ್ ಅವರನ್ನು ಕಾಡಿದ್ದು ಇದೇ. ಪರಿಪೂರ್ಣ ವಿಧಾನದ ಹತ್ತಿರಕ್ಕೆ ಬರುವ, ಚಿತ್ರ ಯಾವುದಾದರೂ ಬದಲಾಗದ, ಬೇಗ ಲೆಕ್ಕ ಮುಗಿಯುವ ಇನ್ನೊಂದು ವಿಧಾನ ಸಿಕ್ಕೀತೇ? ಪಠ್ಯವೊಂದರಲ್ಲಿ ಚೆಬಿಶೆವ್ ಬಹುಪದಗಳ ಬಗ್ಗೆ ಓದಿದ್ದ ಅವರಿಗೆ ದಾರಿ ಅಲ್ಲೇ ಇರಬಹುದೆಂಬ ಊಹೆ ಹುಟ್ಟಿತು. ಅರ್ಜಿ ತಿರಸ್ಕೃತವಾದರೂ ಕೆಲಸ ಬಿಡಲಿಲ್ಲ. ತಮ್ಮ ಪಿಎಚ್.ಡಿ. ವಿದ್ಯಾರ್ಥಿ ಟಿ. ನಟರಾಜನ್ ಜೊತೆ ಕೂತು 1973ರ ಬೇಸಿಗೆಯನ್ನು ಇದಕ್ಕೇ ಮೀಸಲಿಟ್ಟರು. ಟೆಕ್ಸಾಸ್ ಯೂನಿವರ್ಸಿಟಿಯ ಆರ್ಲಿಂಗ್ಟನ್ ಕ್ಯಾಂಪಸ್ಸಿನಲ್ಲಿದ್ದ ಗೆಳೆಯ ಕೆ.ಆರ್. ರಾವ್ ಕೂಡ ಕೈಜೋಡಿಸಿದರು. ಬಂದ ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ, ಇದು ನಿಜವೋ ಅಲ್ಲವೋ ಎಂದು ಅವರಿಗೇ ಅನುಮಾನವಾಗಿ ಬೇರೆಯವರನ್ನು ವಿಚಾರಿಸಬೇಕಾಯಿತಂತೆ. ಮೂವರ ಹೆಸರಿನಲ್ಲಿ ನಾಲ್ಕು ಪುಟದ ಟಿಪ್ಪಣಿ 1974ರ ಜನವರಿಯಲ್ಲಿ ಐಇಇಇ ಪತ್ರಿಕೆಯಲ್ಲಿ ಬಂತು. ಅದರ ಹೆಸರು ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’, ಬಳಕೆಯಲ್ಲಿ ಡಿಸಿಟಿ.

ಅದರ ಕೆಲಸವನ್ನು ಹತ್ತಿರದಿಂದ ನೋಡೋಣ. ಸಂಜೆಯ ಆಕಾಶದ ಫೋಟೊದಲ್ಲಿ ಅಕ್ಕಪಕ್ಕ ಇರುವ ಎಂಟು ಚುಕ್ಕಿಗಳ ಬೆಳಕು ಹೀಗಿದೆ ಎನ್ನಿ: 100, 104, 109, 113, 118, 122, 125, 127. ಡಿಸಿಟಿ ಇವನ್ನು ಬೇರೆ ಎಂಟು ಸಂಖ್ಯೆಗಳಾಗಿ ಬದಲಿಸುತ್ತದೆ. ಮೊದಲನೆಯದು ಒಟ್ಟು ಬೆಳಕು ಎಷ್ಟೆಂದು ಹೇಳುತ್ತದೆ. ಎರಡನೆಯದು ಆಚೆಯಿಂದ ಈಚೆಗೆ ನಿಧಾನವಾಗಿ ಇಳಿಯುವ ಅರ್ಧ ಅಲೆ ಎಷ್ಟಿದೆ ಎಂದು ಹೇಳುತ್ತದೆ. ಮೂರನೆಯದರಿಂದಾಚೆಗೆ ಅಲೆಗಳು ಒಂದಕ್ಕಿಂತ ಒಂದು ದಟ್ಟ. ಲೆಕ್ಕ ಮಾಡಿದರೆ ಬರುವುದು 324.6, –26.1, –2.2, –1.4, ಆಮೇಲೆ ಒಂದಕ್ಕಿಂತಲೂ ಚಿಕ್ಕ ನಾಲ್ಕು ಪುಡಿ ಸಂಖ್ಯೆಗಳು. ಈಗ ಮೊದಲ ಎರಡನ್ನು ಇಟ್ಟುಕೊಂಡು ಉಳಿದ ಆರನ್ನೂ ಎಸೆಯಿರಿ. ಆ ಎರಡರಿಂದಲೇ ಸಾಲನ್ನು ಮತ್ತೆ ಕಟ್ಟಿದರೆ 102, 104, 108, 112, 117, 122, 126, 128 ಬರುತ್ತದೆ. ಎಲ್ಲೂ ಎರಡಕ್ಕಿಂತ ಹೆಚ್ಚು ತಪ್ಪಿಲ್ಲ. 255ರವರೆಗಿನ ಅಳತೆಯಲ್ಲಿ ಎರಡರ ವ್ಯತ್ಯಾಸವನ್ನು ಕಣ್ಣು ಹಿಡಿಯುವುದು ಕಷ್ಟ. ಎಂಟು ಸಂಖ್ಯೆಗಳ ಕೆಲಸ ಎರಡರಲ್ಲಿ ಮುಗಿಯಿತು.

ಫೂರಿಯೆಯ ಅಲೆಗಳಿಂದಲೇ ಇದು ಆಗುತ್ತಿರಲಿಲ್ಲವೇ ಎಂದು ಕೇಳಬಹುದು. ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಫೂರಿಯೆ ವಿಧಾನ ಈ ಎಂಟರ ಸಾಲನ್ನು ಮುಗಿದಲ್ಲಿಂದ ಮತ್ತೆ ಶುರು ಮಾಡುತ್ತದೆ: 127 ಆದ ಕೂಡಲೇ 100. ಚಿತ್ರದಲ್ಲಿಲ್ಲದ ಆ ದಿಢೀರ್ ಕುಸಿತವನ್ನು ತುಂಬಲು ದಟ್ಟ ಅಲೆಗಳ ದಂಡೇ ಬೇಕಾಗುತ್ತದೆ. ಕೊಸೈನ್ ವಿಧಾನ ಸಾಲನ್ನು ಕನ್ನಡಿಯಲ್ಲಿ ಕಂಡಂತೆ ಹಿಂದಕ್ಕೆ ಮಡಚುತ್ತದೆ: 127 ಆದ ಮೇಲೆ ಮತ್ತೆ 127, 125, 122. ಕುಸಿತವೇ ಇಲ್ಲ. ಅಂಚಿನಲ್ಲಿ ತೋರಿದ ಈ ಜಾಣತನದಿಂದಾಗಿ, ನೆರೆಯ ಚುಕ್ಕಿಗಳು ತುಂಬಾ ಹೋಲುವ ಮಾಮೂಲಿ ಚಿತ್ರಗಳಲ್ಲಿ ಡಿಸಿಟಿ ಆ ಪರಿಪೂರ್ಣ ವಿಧಾನಕ್ಕೆ ಕೂದಲೆಳೆಯಷ್ಟು ಹತ್ತಿರ ಬಂದು ನಿಲ್ಲುತ್ತದೆ.

ಇಲ್ಲಿಂದ ಮುಂದೆ ಸಮಿತಿಗಳ ಕಾಲ. ಫೋಟೊಗಳಿಗೆ ಜಗತ್ತಿಗೆಲ್ಲ ಒಂದೇ ನಿಯಮ ಮಾಡಲು 1986ರಲ್ಲಿ ಸೇರಿದ ತಜ್ಞರ ಗುಂಪೇ ಜೆಪಿಇಜಿ. ಎದುರಿಗಿದ್ದ ಹನ್ನೆರಡು ವಿಧಾನಗಳನ್ನು 1987ರಲ್ಲಿ ಮೂರಕ್ಕೆ ಇಳಿಸಿ, 1988ರ ಜನವರಿಯಲ್ಲಿ ಡಿಸಿಟಿ ಆಧರಿಸಿದ್ದನ್ನು ಆರಿಸಿದರು. ಆರಿಸಿದ ರೀತಿ ನನಗೆ ಬಹಳ ಇಷ್ಟ. ಯಾವ ವಿಧಾನದ ಚಿತ್ರ ಯಾವುದೆಂದು ಹೇಳದೆ ಜನರ ಮುಂದಿಟ್ಟು, ಯಾವುದು ಚೆನ್ನಾಗಿ ಕಾಣುತ್ತದೆ ಎಂದು ಕೇಳಿದರು. ಚೆಬಿಶೆವ್ ಅತಿ ದೊಡ್ಡ ಓರೆಯನ್ನು ಅಳೆದರು, ಕಾರ್ಹುನೆನ್ ಮತ್ತು ಲೊಯೆವ್ ಸರಾಸರಿಯನ್ನು ಅಳೆದರು. ಇಲ್ಲಿ ಅಳತೆಗೋಲು ಮನುಷ್ಯನ ಕಣ್ಣೇ ಆಯಿತು.

1992ರಲ್ಲಿ ಜಾರಿಗೆ ಬಂದ ನಿಯಮದಲ್ಲೂ ಕಣ್ಣಿನದೇ ಕಾರುಬಾರು. ಚಿತ್ರವನ್ನು ಅಡ್ಡ ಎಂಟು, ಉದ್ದ ಎಂಟು ಚುಕ್ಕಿಗಳ ಚೌಕಗಳಾಗಿ ಕತ್ತರಿಸುತ್ತಾರೆ. 12 ಮೆಗಾಪಿಕ್ಸೆಲ್ ಫೋಟೊ ಅಂದರೆ ಸುಮಾರು 1,87,500 ಚೌಕ. ಪ್ರತಿ ಚೌಕದ ಡಿಸಿಟಿ ಮಾಡಿ, ಬಂದ 64 ಸಂಖ್ಯೆಗಳನ್ನು ಒಂದು ಕೋಷ್ಟಕದಿಂದ ಭಾಗಿಸಿ ಪೂರ್ಣಾಂಕಕ್ಕೆ ಇಳಿಸುತ್ತಾರೆ. ನಿಯಮದ ಪುಸ್ತಕ ಕೊಡುವ ಮಾದರಿ ಕೋಷ್ಟಕದ ಒಂದು ಮೂಲೆಯಲ್ಲಿ, ಒಟ್ಟು ಬೆಳಕಿನ ಜಾಗದಲ್ಲಿ, ಭಾಜಕ 16. ಎದುರು ಮೂಲೆಯಲ್ಲಿ, ಅತಿ ದಟ್ಟ ಅಲೆಯ ಜಾಗದಲ್ಲಿ, 99. ಕಣ್ಣಿಗೆ ಸರಿಯಾಗಿ ಕಾಣದ ದಟ್ಟ ಅಲೆಗಳೆಲ್ಲ ಹೀಗೆ ಸೊನ್ನೆಯಾಗುತ್ತವೆ. ಬೆಳಕಿನ ಸೂಕ್ಷ್ಮಕ್ಕಿಂತ ಬಣ್ಣದ ಸೂಕ್ಷ್ಮ ಕಣ್ಣಿಗೆ ಇನ್ನೂ ಕಡಿಮೆ ಕಾಣುತ್ತದೆ, ಆದ್ದರಿಂದ ಬಣ್ಣದ ಮೇಲೆ ಕತ್ತರಿ ಇನ್ನೂ ಬಲವಾಗಿ ಆಡುತ್ತದೆ. ಹಾಗೆಯೇ ಇಟ್ಟರೆ 36 ಎಂಬಿ ಆಗುವ ಫೋಟೊ ಕೆಲವೇ ಎಂಬಿಗೆ ಇಳಿಯುವುದು ಹೀಗೆ.

ಈ ವಿಧಾನ ಸೋಲುವ ಜಾಗವನ್ನೂ ನಾವು ದಿನಾ ನೋಡುತ್ತೇವೆ. ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಬಂದ ಮದುವೆ ಕರೆಯೋಲೆಯನ್ನು ದೊಡ್ಡದು ಮಾಡಿ ನೋಡಿ. ವಧೂವರರ ಮುಖ ಚೆನ್ನಾಗಿಯೇ ಇರುತ್ತದೆ. ಅಕ್ಷರಗಳ ಸುತ್ತ, ಅದರಲ್ಲೂ ಒತ್ತಕ್ಷರ, ಗುಡಿಸು, ಕೊಂಬುಗಳ ಸಂದಿಯಲ್ಲಿ, ಬೂದು ಬಣ್ಣದ ಗಲೀಜು ಕಟ್ಟಿರುತ್ತದೆ. ಕೆನ್ನೆಯ ಬೆಳಕು ಮೆಲ್ಲಗೆ ಬದಲಾಗುತ್ತದೆ, ಎರಡು ಮೂರು ಅಲೆ ಸಾಕು. ಅಕ್ಷರದ ಅಂಚಿನಲ್ಲಿ ಕಪ್ಪು ಒಂದೇ ಚುಕ್ಕಿಯಲ್ಲಿ ಬಿಳಿಯಾಗುತ್ತದೆ. ಅದಕ್ಕೆ ದಟ್ಟ ಅಲೆಗಳೆಲ್ಲವೂ ಬೇಕು, ಕೋಷ್ಟಕ ಎಸೆದದ್ದು ಅವನ್ನೇ. ಚೌಕ ಚೌಕವಾಗಿ ಒಡೆಯುವುದೂ ಕೆಲವೆಡೆ ಮುಳುವಾಗುತ್ತದೆ. ಬೆರಳಚ್ಚಿನ ಗೆರೆಗಳು ಚೌಕದ ಅಂಚಿನಲ್ಲಿ ತುಂಡಾಗುವುದನ್ನು ಕಂಡ ಅಮೆರಿಕದ ಎಫ್‌ಬಿಐ 1993ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಕೆಲಸಕ್ಕೆ ಬಂದದ್ದು ವೇವ್‌ಲೆಟ್‌ಗಳು, ಅಂದರೆ ಕೊನೆಯಿಲ್ಲದೆ ಸಾಗದೆ ಒಂದು ಜಾಗದಲ್ಲಿ ಎದ್ದು ಅಲ್ಲೇ ಅಡಗುವ ಕಿರು ಅಲೆಗಳು. ಅವನ್ನು ಲೆಕ್ಕಕ್ಕೆ ಅನುಕೂಲವಾಗಿ ಕಟ್ಟಿಕೊಟ್ಟವರು ಇಂಗ್ರಿಡ್ ದೊಬಶಿ, 1988ರಲ್ಲಿ. ವೇವ್‌ಲೆಟ್ ಆಧರಿಸಿದ ಜೆಪಿಇಜಿ 2000 ಇಂದು ಚಿತ್ರಮಂದಿರಗಳ ಡಿಜಿಟಲ್ ಪ್ರದರ್ಶನದಲ್ಲಿದೆ. ನಮ್ಮ ಫೋನುಗಳಲ್ಲಿ ಮಾತ್ರ ಅದು ಬೇರೂರಲಿಲ್ಲ.

ಅಹ್ಮದ್ 1983ರಲ್ಲಿ ನ್ಯೂ ಮೆಕ್ಸಿಕೊ ಯೂನಿವರ್ಸಿಟಿಗೆ ಹೋಗಿ ಅಲ್ಲೇ ನೆಲೆನಿಂತರು. 2021ರಲ್ಲಿ ಅಮೆರಿಕದ ‘ದಿಸ್ ಈಸ್ ಅಸ್’ ಧಾರಾವಾಹಿ ತನ್ನ ಒಂದು ಕಂತಿನಲ್ಲಿ ಅವರ ಮತ್ತು ಅವರ ಪತ್ನಿಯ ಕಥೆ ತೋರಿಸಿತು. ಅವರು ಓದಿದ ಊರಿನಲ್ಲಿ ಈ ಹೆಸರು ಇದಕ್ಕಿಂತ ಹೆಚ್ಚು ಕೇಳಿಬರಬೇಕಿತ್ತು ಎನ್ನುವುದು ನನ್ನ ನೇರ ಅಭಿಪ್ರಾಯ. ಸೇತುವೆ, ಅಣೆಕಟ್ಟು ಕಟ್ಟಿದವರ ಹೆಸರು ಹೇಳಿಕೊಡುವ ತರಗತಿಗಳಲ್ಲಿ ಡಿಸಿಟಿಯ ಈ ನಾಲ್ಕು ಪುಟಗಳಿಗೂ ಒಂದು ಪೀರಿಯಡ್ ಸಲ್ಲಬೇಕು.

ಅಂದಾಜಿನ ಕೆಲಸ ಅವರಲ್ಲಿಗೇ ನಿಲ್ಲಲಿಲ್ಲ. ಕೊಸೈನ್ ಬೆಲೆಗಳ ದಶಾಂಶಕ್ಕೆ ಕೊನೆಯಿಲ್ಲ. ಅವನ್ನು ಒಂದು ಯಂತ್ರ ಒಂದು ತರಹ, ಇನ್ನೊಂದು ಇನ್ನೊಂದು ತರಹ ಮೊಟಕುಗೊಳಿಸುತ್ತದೆ. ವಿಡಿಯೊದಲ್ಲಿ ಒಂದು ಚೌಕಟ್ಟು ಹಿಂದಿನದನ್ನು ನೆಚ್ಚಿಕೊಂಡಿರುವುದರಿಂದ ಈ ಸಣ್ಣ ಭೇದ ಚೌಕಟ್ಟಿನಿಂದ ಚೌಕಟ್ಟಿಗೆ ಬೆಳೆಯುತ್ತಾ ಹೋಗುತ್ತದೆ. 2003ರಲ್ಲಿ ಎಚ್.264 ವಿಡಿಯೊ ನಿಯಮ ಮಾಡಿದವರು ಕೊಸೈನ್‌ಗಳನ್ನೇ ಕೈಬಿಟ್ಟು ನಾಲ್ಕು ಚುಕ್ಕಿಗಳ ಸಾಲಿಗೆ 1 ಮತ್ತು 2 ಎಂಬ ಎರಡೇ ಅಂಕೆಗಳನ್ನು ಕೂಡಿಸುವ, ಕಳೆಯುವ ಲೆಕ್ಕ ಇಟ್ಟುಕೊಂಡರು. ಡಿಸಿಟಿಯಲ್ಲಿ ಸುಮಾರು 2.41 ಇರಬೇಕಾದ ಅನುಪಾತ ಇಲ್ಲಿ ನೇರವಾಗಿ 2. ಗುಣಾಕಾರವೇ ಬೇಡ, ಎಲ್ಲ ಯಂತ್ರಗಳಲ್ಲೂ ಒಂದೇ ಉತ್ತರ. ಪರಿಪೂರ್ಣ ವಿಧಾನಕ್ಕೆ ಅಂದಾಜಾಗಿ ಬಂದದ್ದು ಡಿಸಿಟಿ, ಆ ಡಿಸಿಟಿಗೇ ಅಂದಾಜಾಗಿ ಬಂದದ್ದು ಇದು. ಫೋನಿನಲ್ಲಿ ನಾವು ನೋಡುವ ಎಷ್ಟೋ ವಿಡಿಯೊಗಳು ಇಂದಿಗೂ ಈ ಒಂದು ಮತ್ತು ಎರಡರ ಲೆಕ್ಕದಲ್ಲೇ ಓಡುತ್ತಿವೆ.