‘ಗಾಡಿ ನೀರು ಕುಡೀತೈತಿ’ ಅಂದ್ರೆ ಮುಗೀತೇ? ಎಲ್ಲಿ ಹೋಗ್ತೈತಿ ನೋಡಬೇಡವೇ!

ಚನ್ನಗಿರಿಯಿಂದ ಹೊನ್ನಾಳಿಗೆ, ನ್ಯಾಮತಿಯಿಂದ ಶಿವಮೊಗ್ಗಕ್ಕೆ, ಜಗಳೂರಿಂದ ದಾವಣಗೆರೆಗೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಈ ದೃಶ್ಯ ಹೊಸದೇನಲ್ಲ. ರಸ್ತೆ ಪಕ್ಕ ಮರದ ನೆರಳಿಗೆ ಪಿಕಪ್ ಗಾಡಿ ನಿಂತಿರುತ್ತದೆ. ಬಾನೆಟ್ ಎತ್ತಿದೆ, ಒಳಗಿಂದ ಹಬೆ ಬುಸುಗುಡುತ್ತಿದೆ. ಚಾಲಕ ಖಾಲಿ ಕ್ಯಾನು ಹಿಡಿದು ಬೋರ್‌ವೆಲ್ ಹುಡುಕಿಕೊಂಡು ಹೊರಟಿರುತ್ತಾನೆ. “ಏನಾತಣ್ಣಾ?” ಎಂದು ಕೇಳಿದರೆ ಉತ್ತರ ಸಿದ್ಧ: “ಏನಿಲ್ರೀ, ಗಾಡಿ ಸ್ವಲ್ಪ ನೀರು ಕುಡೀತೈತಿ ಅಷ್ಟೇ.”

ಎತ್ತು ನೀರು ಕುಡಿಯುತ್ತದೆ, ಎಂಜಿನ್ ಕುಡಿಯುವುದಿಲ್ಲ! ರೇಡಿಯೇಟರಿನ ನೀರು ಎಂಜಿನ್ನಿನೊಳಗೆ ಸುತ್ತಿ, ಬಿಸಿ ಹೊತ್ತು ತಂದು, ಗಾಳಿಗೆ ತಣ್ಣಗಾಗಿ ಮತ್ತೆ ಅಲ್ಲಿಗೇ ಹೋಗಬೇಕು. ಮುಚ್ಚಿದ ದಾರಿ ಅದು. ತಿಂಗಳುಗಟ್ಟಲೆ ಓಡಿದರೂ ಪಕ್ಕದ ಬಿಳಿ ಡಬ್ಬಿಯ ಗೆರೆ ಇಳಿದರೆ ಕೂದಲೆಳೆಯಷ್ಟು ಇಳಿದೀತು. ವಾರಕ್ಕೆ ಒಂದು ಲೀಟರ್ ಕೇಳುತ್ತದೆ ಎಂದರೆ ಎಲ್ಲೋ ತೂತು ಬಿದ್ದಿದೆ ಎಂದೇ ಅರ್ಥ. ದಿನಾ ನೀರು ತುಂಬುವವನು ರೋಗ ವಾಸಿ ಮಾಡುತ್ತಿಲ್ಲ, ಮುಚ್ಚಿಡುತ್ತಿದ್ದಾನೆ.

ಇದು ಬರೀ ಚಾಲಕನ ತಾಪತ್ರಯವೂ ಅಲ್ಲ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ ಹೊತ್ತ ಗಾಡಿ ದಾರಿಯಲ್ಲಿ ನಿಂತರೆ ಸುಲಿಯುವ ಹೆಣ್ಣಾಳುಗಳು ಕೈಕಟ್ಟಿ ಕೂರಬೇಕು, ಬೇಯಿಸುವ ಒಲೆ ಆರಬೇಕು, ಖೇಣಿ ಹಿಡಿದವರ ಬಿ.ಪಿ. ಏರಬೇಕು. ಜಗಳೂರಿನ ಈರುಳ್ಳಿ ಒಂದು ದಿನ ತಡವಾಗಿ ಬೆಂಗಳೂರು ಸೇರಿದರೆ ಅಂದಿನ ದರ ಅಂದಿಗೇ ಹೋಯಿತು. ಅಂಗಡಿಗೆ ಬೆಳಿಗ್ಗೆ ಬರಬೇಕಾದ ಮಾಲು ಮಧ್ಯಾಹ್ನಕ್ಕೂ ಬಾರದಿದ್ದರೆ ಗಿರಾಕಿ ಪಕ್ಕದ ಅಂಗಡಿ ಮೆಟ್ಟಿಲು ಹತ್ತುತ್ತಾನೆ. ಗಾಡಿ ಸಾಲದ ಕಂತು ಮಾತ್ರ ಯಾರಿಗೂ ಕಾಯುವುದಿಲ್ಲ.

ಕೆಟ್ಟ ನೀರಿನ ಮಾತು ಬಂದರೆ ಜಗಳೂರನ್ನೇ ಮೊದಲು ಹೇಳಬೇಕು. ಬರದ ತಾಲ್ಲೂಕು, ಆಳದ ಕೊಳವೆಬಾವಿ, ಗಡಸು ನೀರು. ತುಂಗಭದ್ರೆಯ ನೀರಿನಿಂದ 57 ಕೆರೆ ತುಂಬಿಸುವ ಯೋಜನೆ ಆ ಭಾಗಕ್ಕೆ ದೊಡ್ಡ ಆಸರೆ ನಿಜ. ಆದರೆ ರಸ್ತೆಯಲ್ಲಿ ನಿಂತ ಚಾಲಕನ ಕ್ಯಾನಿಗೆ ಬೀಳುವುದು ಹತ್ತಿರದ ಬೋರಿನ ನೀರೇ. ಮನೆಯ ಹಂಡೆಯೊಳಗೆ ಬೆಳ್ಳಗೆ ಸುಣ್ಣದ ಪೊರೆ ಕಟ್ಟುವುದನ್ನು ಕಾಣದ ಗೃಹಿಣಿ ಇಲ್ಲ. ಅದೇ ಪೊರೆ ರೇಡಿಯೇಟರಿನ ಕಡ್ಡಿ ಗಾತ್ರದ ನಳಿಗೆಗಳಲ್ಲೂ, ಎಂಜಿನ್ನಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಹಂಡೆಯನ್ನಾದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದು; ಎಂಜಿನ್ನಿನೊಳಗೆ ಕೈ ಹಾಕುವವರಾರು? ದಾರಿ ಕಿರಿದಾದಂತೆ ಬಿಸಿ ಏರುತ್ತದೆ, ಬಿಸಿ ಏರಿದಂತೆ ಒತ್ತಡ ಏರುತ್ತದೆ, ಹಳೇ ಹೋಸ್ ಪೈಪು ಬಾಯಿ ಬಿಡುತ್ತದೆ, ಮತ್ತೆ ಅದೇ ಬೋರಿನ ನೀರು! ಹೊನ್ನಾಳಿಯಲ್ಲಿ ಹೊಳೆ ನೀರು ಸಿಗುತ್ತದಲ್ಲ ಎಂದು ಬೀಗುವಂತಿಲ್ಲ. ಕೂಲೆಂಟಿನಲ್ಲಿ ತುಕ್ಕು ತಡೆಯುವ ಔಷಧವಿರುತ್ತದೆ, ಹೊಳೆ ನೀರಿನಲ್ಲಿ ಅದಿಲ್ಲ.

ಪತ್ತೆ ಹಚ್ಚುವುದು ಹೇಗೆ? ಅನುಭವಿ ಮೇಸ್ತ್ರಿಗಳು ಸ್ಪ್ಯಾನರ್‌ಗಿಂತ ಮೊದಲು ಕಣ್ಣು, ಮೂಗು ಬಳಸುತ್ತಾರೆ. ರಾತ್ರಿ ಗಾಡಿ ಕೆಳಗೆ ಒಂದು ರಟ್ಟು ಹಾಸಿ, ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ನೋಡಿದರೆ ಅರ್ಧ ಕೆಲಸ ಆಯಿತು. ಪೈಪಿನ ಕ್ಲಿಪ್ಪಿನ ಬುಡದಲ್ಲಿ ಹಸಿರು, ಗುಲಾಬಿ ಅಥವಾ ಬಿಳಿ ಕಲೆ ಒಣಗಿದ್ದರೆ ಕಳ್ಳ ಅಲ್ಲೇ. ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅಲ್ಲಿಂದ ಹನಿಯುತ್ತಿದ್ದರೆ ಒಳಗಿನ ಸೀಲು ಸತ್ತಿದೆ, ಪಂಪು ಬದಲಿಸಿ ಎಂದು ಹೇಳಲಿಕ್ಕೇ ಅದನ್ನು ಇಟ್ಟಿರುವುದು. ಆ ರಂಧ್ರಕ್ಕೇ ಎಂಸೀಲ್ ಮೆತ್ತುವ ಮಹಾನುಭಾವರೂ ಇದ್ದಾರೆ!

ಎಲ್ಲರೂ ಮರೆಯುವುದು ರೇಡಿಯೇಟರ್ ಕ್ಯಾಪನ್ನು. ಅದು ಬರೀ ಮುಚ್ಚಳವಲ್ಲ, ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಅದರ ಸ್ಪ್ರಿಂಗು ಒತ್ತಡ ಹಿಡಿದಿಟ್ಟಾಗ 100 ಡಿಗ್ರಿಗೆ ಕುದಿಯಬೇಕಾದ ನೀರು ಸುಮಾರು 120ರವರೆಗೂ ಕುದಿಯದೆ ತಡೆಯುತ್ತದೆ. ರಬ್ಬರ್ ಬಿರುಕು ಬಿಟ್ಟರೆ ನೀರು ಡಬ್ಬಿಗೆ ಉಕ್ಕಿ ಹೊರಗೆ ಚೆಲ್ಲುತ್ತದೆ. ಎಂಜಿನ್ ಬಿಸಿಯಿದ್ದಾಗ ಇದನ್ನು ತಿರುಗಿಸಬಾರದು ಎನ್ನುವುದೂ ಇದಕ್ಕೇ. ಒತ್ತಡ ಕಳಚಿದ ಕ್ಷಣ ಒಳಗಿನದ್ದೆಲ್ಲ ಹಬೆಯಾಗಿ ಮುಖಕ್ಕೆ ಎರಚುತ್ತದೆ. ಮೇಲೆ ಬಟ್ಟೆ ಹಾಕಿ ತೆಗೆದರೆ ಏನೂ ಆಗೋದಿಲ್ಲ ಎನ್ನುವವರ ಮಾತು ಕೇಳಬೇಡಿ. ಗಂಟೆ ಕಾದರೂ ಚಿಂತೆಯಿಲ್ಲ, ತಣಿಯಲಿ. ಕಾದ ಎಂಜಿನ್ನಿಗೆ ದಿಢೀರನೆ ತಣ್ಣೀರು ಸುರಿದರೆ ಹೆಡ್ಡು ಸೀಳುವ ಭಯವೂ ಉಂಟು.

ಗಾಡಿ ನಿಂತಾಗ ಒಂದು ಹನಿಯೂ ಬೀಳದೆ, ಓಡುವಾಗ ಮಾತ್ರ ಸೋರುವುದೂ ಉಂಟು. ಅದಕ್ಕೆ ಗ್ಯಾರೇಜಿನಲ್ಲಿ ಕೈಪಂಪಿನಂಥ ಸಾಧನವಿದೆ. ಕ್ಯಾಪಿನ ಜಾಗಕ್ಕೆ ಕೂರಿಸಿ, ಕ್ಯಾಪಿನ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಕಾಯುವುದು. ಮುಳ್ಳು ಇಳಿದರೆ ಸೋರಿಕೆ ಖಾತ್ರಿ.

ಹೊರಗೆ ಎಲ್ಲೂ ಸಿಗದಿದ್ದರೆ ಎದೆ ಸ್ವಲ್ಪ ಗಟ್ಟಿ ಮಾಡಿಕೊಳ್ಳಬೇಕು, ನೀರು ಒಳಗೇ ಹೋಗುತ್ತಿದೆ. ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಸಿಹಿ ವಾಸನೆ. ರೇಡಿಯೇಟರಿನಲ್ಲಿ ಗುಳುಗುಳು ಗುಳ್ಳೆ. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದ ಕೂಡಲೇ ಮೇಲಿನ ಹೋಸು ಕಲ್ಲಿನಂತಾಗುವುದು. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಚಹಾದ ಬಣ್ಣ. ಇವು ಹೆಡ್ ಗ್ಯಾಸ್ಕೆಟ್ ಹೋದ ಲಕ್ಷಣ. ಆಯಿಲಿಗೆ ನೀರು ಬೆರೆತ ಮೇಲೆ ಗಾಡಿ ಓಡಿಸಿದರೆ ಬೇರಿಂಗುಗಳಿಗೂ ಗಂಡಾಂತರ.

ಆದರೂ ‘ಹೆಡ್ ಇಳಿಸ್ರೀ’ ಎಂಬ ತೀರ್ಪಿಗೆ ಅವಸರ ಬೇಡ. ಈಚಿನ ಡೀಸೆಲ್ ಪಿಕಪ್‌ಗಳಲ್ಲಿ ಸುಟ್ಟ ಹೊಗೆಯ ಒಂದು ಪಾಲನ್ನು ತಣಿಸಿ ಮರಳಿ ಎಂಜಿನ್ನಿಗೆ ಬಿಡುವ ಇಜಿಆರ್ ಕೂಲರ್ ಇರುತ್ತದೆ. ಅದರಲ್ಲೂ ಇದೇ ಕೂಲೆಂಟ್ ಹರಿಯುತ್ತದೆ. ಅದು ಒಳಗೆ ಸೀಳಿದರೂ ಅದೇ ಬಿಳಿ ಹೊಗೆ, ಅದೇ ವಾಸನೆ! ಅದನ್ನು ಬಿಚ್ಚಿ ಪರೀಕ್ಷಿಸದೆ ಹೆಡ್ ಇಳಿಸಿ, ಮತ್ತೆ ಕೂರಿಸಿ, ವಾರದಲ್ಲಿ ಮತ್ತೆ ಅದೇ ಹೊಗೆ ಕಂಡು ಮಾಲೀಕ ತಲೆ ಮೇಲೆ ಕೈ ಹೊತ್ತರೆ ಯಾರಿಗೆ ಹೇಳುವುದು? ರೇಡಿಯೇಟರ್ ಬಾಯಿಗೆ ಹಿಡಿಯುವ ನೀಲಿ ದ್ರವದ ಪರೀಕ್ಷೆಯೂ ಇದೆ. ಬಣ್ಣ ಬದಲಾದರೆ ಸಿಲಿಂಡರಿನ ಗಾಳಿ ನೀರಿಗೆ ಸೇರುತ್ತಿದೆ ಎಂದು ತಿಳಿಯುತ್ತದೆ.

ಹೆಡ್ ಇಳಿಸಲೇಬೇಕಾದರೆ ಗ್ಯಾಸ್ಕೆಟ್ ಬದಲಿಸಿ ಮುಚ್ಚಿದರೆ ಸಾಲದು. ಕಾದ ಹೆಡ್ಡು ಸೊಟ್ಟಗಾಗಿರುತ್ತದೆ. ಅಳತೆಪಟ್ಟಿ ಇಟ್ಟು ನೋಡಿ, ಬೇಕಾದರೆ ಯಂತ್ರದಲ್ಲಿ ಹೆರೆಸಬೇಕು, ಬಿರುಕಿಗೂ ಪರೀಕ್ಷೆ ಮಾಡಿಸಬೇಕು. ಹಲವು ಡೀಸೆಲ್ ಎಂಜಿನ್‌ಗಳ ಗ್ಯಾಸ್ಕೆಟ್ಟಿಗೆ ದಪ್ಪದಲ್ಲೇ ಎರಡು ಮೂರು ಬಗೆ. ಅಂಚಿನ ಕಚ್ಚು, ತೂತುಗಳೇ ಗುರುತು. ಅಂಗಡಿಯಲ್ಲಿ ಇದ್ದದ್ದು ತಂದು ಹಾಕಿದರೆ ಪಿಸ್ಟನ್ ಲೆಕ್ಕವೇ ತಪ್ಪುತ್ತದೆ. ಬೋಲ್ಟುಗಳನ್ನು ಕಂಪನಿ ಹೇಳಿದ ಕ್ರಮದಲ್ಲಿ, ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ‘ಕೈ ಲೆಕ್ಕ ಸಾಕು’ ಎನ್ನುವ ಕಡೆ ಗಾಡಿ ಬಿಡದಿರುವುದೇ ಕ್ಷೇಮ. ಕ್ಯಾಪು, ಕ್ಲಿಪ್ಪು ನೂರರ ಲೆಕ್ಕ. ಇದು ಸಾವಿರಗಳ ಲೆಕ್ಕ, ಜತೆಗೆ ಹಲವು ದಿನದ ಬಾಡಿಗೆ ಖೋತಾ.

ಇನ್ನು ನಾಟಿ ವೈದ್ಯ. ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯುವುದು ಹಳೇ ಉಪಾಯ. ಸಣ್ಣ ತೂತು ಮುಚ್ಚಿ ಊರು ಮುಟ್ಟಿಸೀತು, ಸುಳ್ಳಲ್ಲ. ಮರುದಿನವೇ ತೊಳೆಸದಿದ್ದರೆ ಅದೇ ಪುಡಿ ನಳಿಗೆಗಳಲ್ಲಿ ಕೆಸರಾಗಿ ಕೂರುತ್ತದೆ. ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತೆಸೆಯುವುದು ಇನ್ನೊಂದು ಚಾಳಿ. ಆಗ ಎಂಜಿನ್ ಬೇಗ ಕಾಯುವುದೇ ಇಲ್ಲ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು.

ರಿಪೇರಿ ಮುಗಿದ ಮೇಲೆ ಒಳಗನ್ನು ತೊಳೆಸಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನೇ ಹಾಕಬೇಕು. ಬೆರೆಸಿ ಬರುವ ಡಬ್ಬವಲ್ಲದಿದ್ದರೆ ಸಮಸಮ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಒಳಗಿನ ಗಾಳಿ ಪೂರ್ತಿ ಹೊರಹೋಗುವವರೆಗೆ ಎಂಜಿನ್ ಓಡಿಸಿ, ತಣಿದ ಮೇಲೆ ಗೆರೆ ನೋಡಿ ಮತ್ತೆ ತುಂಬಬೇಕು. ಇಳಿಸಿದ ಹಳೇ ಕೂಲೆಂಟನ್ನು ಮಾತ್ರ ಚರಂಡಿಗೆ, ಬಯಲಿಗೆ ಚೆಲ್ಲಬೇಡಿ. ರುಚಿ ಸಿಹಿ, ಗುಣ ವಿಷ. ಬೀದಿ ನಾಯಿ ನೆಕ್ಕಿದರೂ ಮೂತ್ರಪಿಂಡ ಹೋಗುತ್ತದೆ, ಕುಡಿಯುವ ನೀರಿನ ಹಳೇ ಬಾಟಲಿಯಲ್ಲಿ ತುಂಬಿಟ್ಟರೆ ಮಕ್ಕಳ ಕೈಗೂ ಸಿಕ್ಕೀತು.