ಹಳೆಯ ರೂಪ, ಹೊಸ ಯಂತ್ರ: ಇಟ್ಟಿಗೆ ಲೋಕದ ಆಟಗಳು

ಮನೆ ಕಟ್ಟಲೆಂದು ಸುರಿದ ಮರಳಿನ ರಾಶಿ ಕಂಡರೆ ಮಕ್ಕಳು ಸುಮ್ಮನಿರುವುದಿಲ್ಲ. ಒದ್ದೆ ಮರಳಿನಲ್ಲಿ ಪಾದ ಹುದುಗಿಸಿ ಗುಬ್ಬಿಗೂಡು ಕಟ್ಟುತ್ತಾರೆ, ಸುರಂಗ ಕೊರೆಯುತ್ತಾರೆ, ಕೆಡವಿ ಮತ್ತೆ ಕಟ್ಟುತ್ತಾರೆ. ಈ ಆಟದಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ. ಇಂಥದೇ ಸ್ವಾತಂತ್ರ್ಯ ನೀಡುವ ವಿಡಿಯೊ ಆಟಗಳನ್ನು ‘ಸ್ಯಾಂಡ್‌ಬಾಕ್ಸ್’ ಆಟಗಳು, ಅಂದರೆ ಮರಳಂಕಣದ ಆಟಗಳು ಎಂದು ಕರೆಯುತ್ತಾರೆ. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಜನರ ಮುಂದಿಟ್ಟ ‘ಮೈನ್‌ಕ್ರಾಫ್ಟ್’ ಮತ್ತು 2011ರಲ್ಲಿ ಬಂದ ‘ಟೆರೇರಿಯಾ’ ಈ ಗುಂಪಿಗೆ ಸೇರಿದವು. ಮೈನ್‌ಕ್ರಾಫ್ಟ್ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ ಎಂದು 2023ರಲ್ಲಿ ಪ್ರಕಟಿಸಲಾಯಿತು.

ಟಿವಿಗೆ ಜೋಡಿಸಿ ಆಡುವ ಇಂದಿನ ಕನ್ಸೋಲ್‌ಗಳು ಎಲೆಯ ಮೇಲಿನ ನೀರಹನಿಯನ್ನೂ ನೈಜವೆನಿಸುವಂತೆ ತೋರಿಸಬಲ್ಲವು. ಆದರೂ ಈ ಆಟಗಳಲ್ಲಿ ಮರ, ಮೋಡ, ಹಸು ಎಲ್ಲವೂ ಚೌಕ ಚೌಕವಾಗಿಯೇ ಕಾಣುತ್ತವೆ. ಹೊಸ ಯಂತ್ರಕ್ಕೆ ಈ ಹಳೆಯ ವೇಷವೇಕೆ?

ನೆನಪಷ್ಟೇ ಕಾರಣವೇ?

ಹಳೆಯ ಆಟಗಳ ನೆನಪು ಒಂದು ಕಾರಣ ನಿಜ. 1990ರ ದಶಕದಲ್ಲಿ ಕ್ಯಾಸೆಟ್ ತುರುಕಿ ಟಿವಿ ಗೇಮ್ ಆಡಿದವರಿಗೆ ಈ ಚೌಕಗಳು ಬಾಲ್ಯವನ್ನು ನೆನಪಿಸುತ್ತವೆ. ಅಂದಿನ ಆಟಗಳಿಗೆ ಈ ರೂಪ ಅನಿವಾರ್ಯವಾಗಿತ್ತು. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಯಂತ್ರದ ಮುಖ್ಯ ಸ್ಮೃತಿ ಕೇವಲ 2 ಕಿಲೋಬೈಟ್. ಪರದೆಯ ಚಿತ್ರವನ್ನು ಪುಟ್ಟ ಪುಟ್ಟ ಬಿಲ್ಲೆಗಳಿಂದ ಜೋಡಿಸಬೇಕಿತ್ತು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದಲ್ಲಿ ಮೋಡಕ್ಕೂ ಪೊದೆಗೂ ಒಂದೇ ಆಕಾರ. ಬಣ್ಣ ಮಾತ್ರ ಬೇರೆ.

ಆದರೆ ಇಂದಿನ ಹತ್ತು ವರ್ಷದ ಬಾಲಕಿಗೆ ಆ ಯಂತ್ರಗಳ ನೆನಪೇ ಇಲ್ಲ. ಅವಳೂ ಈ ಆಟಗಳನ್ನು ಮೆಚ್ಚುತ್ತಾಳೆಂದರೆ ಬೇರೆ ಕಾರಣವೂ ಇರಬೇಕು.

ಒಂದು ಇಟ್ಟಿಗೆ, ಒಂದು ನಿಯಮ

ನೈಜವಾಗಿ ಚಿತ್ರಿಸಿದ ಕಾಡಿನ ಆಟದಲ್ಲಿ ಯಾವುದನ್ನು ಮುಟ್ಟಬಹುದು, ಯಾವುದು ಬರಿಯ ಹಿನ್ನೆಲೆ ಎಂಬುದು ನೋಡಿದೊಡನೆ ತಿಳಿಯದು. ಇಟ್ಟಿಗೆ ಲೋಕದಲ್ಲಿ ಆ ಗೊಂದಲ ಕಡಿಮೆ. ಕಂಡ ನೆಲವನ್ನು ಅಗೆಯಬಹುದು. ಅಗೆದ ಮಣ್ಣನ್ನು ಬೇರೆಡೆ ಇಡಬಹುದು. ಪ್ರತಿ ಇಟ್ಟಿಗೆಗೂ ಸರಳವಾದ ನಿಯಮವಿದೆ. ಮೈನ್‌ಕ್ರಾಫ್ಟ್‌ನಲ್ಲಿ ಮರಳಿಗೆ ಆಧಾರ ತಪ್ಪಿದರೆ ಕೆಳಗೆ ಬೀಳುತ್ತದೆ. ಮರದ ಬುಡ ಕಡಿದರೆ ಮಾತ್ರ ಮೇಲಿನ ಕಾಂಡ ಗಾಳಿಯಲ್ಲೇ ನಿಲ್ಲುತ್ತದೆ! ‘ರೆಡ್‌ಸ್ಟೋನ್’ ಎಂಬ ವಸ್ತುವಿನಿಂದ ಸಂಕೇತ ಹರಿಸಿ, ಆ್ಯಂಡ್, ಆರ್, ನಾಟ್ ತರ್ಕದ್ವಾರಗಳನ್ನೇ ಕಟ್ಟಬಹುದು. ಬಿಡಿ ನಿಯಮಗಳು ಬೇಗ ಅರ್ಥವಾಗುತ್ತವೆ. ಅವು ಕೂಡಿದಾಗ ಏನಾಗಬಹುದೆಂಬ ಕುತೂಹಲ ಉಳಿಯುತ್ತದೆ. ಆಟಗಾರನನ್ನು ಹಿಡಿದಿಡುವುದು ಈ ಕುತೂಹಲ.

ತಯಾರಕರಿಗೂ ಇದರಿಂದ ಅನುಕೂಲವಿದೆ. ನೈಜ ಚಿತ್ರಗಳ ಆಟಕ್ಕೆ ನೂರಾರು ಕಲಾವಿದರು ಬೇಕು. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಧ್ರುವ ಇಂಟರ್‌ಆ್ಯಕ್ಟಿವ್’ ವಿದೇಶಿ ಆಟಗಳಿಗೆ ಇಂಥ ಚಿತ್ರಗಳನ್ನು ರಚಿಸಿಕೊಟ್ಟೇ ಹೆಸರಾಯಿತು. 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಇದಕ್ಕೆ ವ್ಯತಿರಿಕ್ತವಾಗಿ, ಹಳ್ಳಿಯ ಬೇಸಾಯವನ್ನು ಚೌಕಚಿತ್ರಗಳಲ್ಲಿ ತೋರಿಸುವ ‘ಸ್ಟಾರ್‌ಡ್ಯೂ ವ್ಯಾಲಿ’ (2016) ಆಟವನ್ನು ಎರಿಕ್ ಬರೋನ್ ಒಬ್ಬರೇ ರೂಪಿಸಿದರು.

ಸೂಪಾ ಜಲಾಶಯವನ್ನು ಇಟ್ಟಿಗೆಗಳಲ್ಲಿ ಎಣಿಸಿದರೆ

ರೂಪ ಹಳೆಯದಾದ ಮಾತ್ರಕ್ಕೆ ಹಳೆಯ ಯಂತ್ರ ಇವನ್ನು ನಡೆಸಬಲ್ಲದೇ? ಒಂದು ಲೆಕ್ಕ ಮಾಡೋಣ. ದಾಂಡೇಲಿಗೆ ಸಮೀಪದ ಗಣೇಶಗುಡಿಯಲ್ಲಿ ಕಾಳಿ ನದಿಗೆ ಕಟ್ಟಿರುವ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಜಲಾಶಯದಲ್ಲಿ ಸುಮಾರು 147 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ಮೈನ್‌ಕ್ರಾಫ್ಟ್‌ನ ಇಟ್ಟಿಗೆಯ ಪ್ರತಿ ಬದಿಯೂ ಒಂದು ಮೀಟರ್. ಆದ್ದರಿಂದ ಸೂಪಾದ ನೀರಿಗೇ ಸುಮಾರು 416 ಕೋಟಿ ಇಟ್ಟಿಗೆ ಬೇಕು! ಒಂದಕ್ಕೆ ಒಂದು ಬೈಟ್ ಎಂದರೂ 4 ಗಿಗಾಬೈಟ್ ಮೀರುತ್ತದೆ. 1980ರ ದಶಕದ ಬಿಬಿಸಿ ಮೈಕ್ರೊ ಗಣಕದ ಸ್ಮೃತಿ 32 ಕಿಲೋಬೈಟ್. ಅಂಥ ಒಂದೂಕಾಲು ಲಕ್ಷ ಗಣಕಗಳನ್ನು ಕೂಡಿಸಿದರಷ್ಟೇ ಇದು ಸಾಧ್ಯ.

ಈ ಕಾರಣಕ್ಕಾಗಿಯೇ 512 ಮೆಗಾಬೈಟ್ ಸ್ಮೃತಿಯ ಎಕ್ಸ್‌ಬಾಕ್ಸ್ 360ಕ್ಕೆ 2012ರಲ್ಲಿ ಮೈನ್‌ಕ್ರಾಫ್ಟ್ ಬಂದಾಗ, ಅದರ ಲೋಕ 864 ಇಟ್ಟಿಗೆ ಉದ್ದ, ಅಷ್ಟೇ ಅಗಲವಿತ್ತು. ಒಂದು ಕಿಲೋಮೀಟರೂ ಇಲ್ಲ! ಇಂದಿನ ಕನ್ಸೋಲ್ ತನ್ನ ಶಕ್ತಿಯ ಬಹುಪಾಲನ್ನು ಎಲೆಯ ಹೊಳಪಿಗೆ ವ್ಯಯಿಸುವ ಬದಲು, ಅಗೆದರೆ ಅಗೆದಂತೆಯೇ ಉಳಿಯುವ ವಿಶಾಲ ನೆಲಕ್ಕೆ ವ್ಯಯಿಸುತ್ತದೆ.

ಬೀಜದಿಂದ ಬೆಟ್ಟ

ಇಷ್ಟು ದೊಡ್ಡ ನೆಲವನ್ನು ಯಾರೂ ಕೈಯಿಂದ ಚಿತ್ರಿಸುವುದಿಲ್ಲ. ‘ಬೀಜ’ ಎಂಬ ಒಂದು ಸಂಖ್ಯೆಯಿಂದ ಗಣಕವೇ ಅದನ್ನು ಬೆಳೆಸುತ್ತದೆ. ಬಿಬಿಸಿ ಮೈಕ್ರೊಗಾಗಿ 1984ರಲ್ಲಿ ಬಂದ ‘ಎಲೀಟ್’ ಆಟ ಈ ಉಪಾಯದಿಂದಲೇ ಎಂಟು ತಾರಾಮಂಡಲಗಳನ್ನು, ಒಂದೊಂದರಲ್ಲೂ 256 ಲೋಕಗಳನ್ನು ಪುಟ್ಟ ಸ್ಮೃತಿಯಲ್ಲಿ ಅಡಗಿಸಿತ್ತು.

ತರಗತಿಯಲ್ಲೇ ಇದನ್ನು ಮಾಡಿ ನೋಡಬಹುದು. 7ನ್ನು ಬೀಜವೆಂದು ಇಟ್ಟುಕೊಳ್ಳಿ. ಅದನ್ನು 5ರಿಂದ ಗುಣಿಸಿ, 3 ಕೂಡಿಸಿ, 16ರಿಂದ ಭಾಗಿಸಿ. ಶೇಷವೇ ಮುಂದಿನ ಸಂಖ್ಯೆ. ಹೀಗೆ 7, 6, 1, 8, 11, 10, 5, 12 ಎಂದು ಸಾಲು ಬೆಳೆಯುತ್ತದೆ. ಇವನ್ನು ಎತ್ತರಗಳೆಂದು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ನೆಲ ಅಂಕುಡೊಂಕಾಗಿ ಕಾಣುತ್ತದೆ. ಈಗ ಅಕ್ಕಪಕ್ಕದ ಮೂರು ಮೂರು ಸಂಖ್ಯೆಗಳ ಸರಾಸರಿಯನ್ನು ಪೂರ್ಣಾಂಕವಾಗಿ ಬರೆಯಿರಿ: 5, 5, 7, 10, 9, 9. ಗುಡ್ಡವೊಂದು ಮೂಡಿತಲ್ಲವೇ? ಬೀಜ ಅದೇ ಇದ್ದರೆ ಗುಡ್ಡವೂ ಅದೇ. ಅಮೆರಿಕದ ಕೆನ್ ಪರ್ಲಿನ್ 1980ರ ದಶಕದಲ್ಲಿ ರೂಪಿಸಿದ ‘ಪರ್ಲಿನ್ ನಾಯ್ಸ್’ ಎಂಬ ವಿಧಾನ ಇದಕ್ಕಿಂತ ಎಷ್ಟೋ ಸೂಕ್ಷ್ಮವಾದದ್ದು. ದೊಡ್ಡ ಏರಿಳಿತಗಳ ಮೇಲೆ ಸಣ್ಣ ಏರಿಳಿತಗಳನ್ನು ಹೊದಿಸಿದರೆ ನೆಲ ಇನ್ನಷ್ಟು ಸಹಜವಾಗಿ ಕಾಣುತ್ತದೆ.

ಆಟದ ನೀರು, ಕಾಳಿಯ ನೀರು

ಹಾಗಾದರೆ ಇದು ಜೋಯಿಡಾದ ಬೆಟ್ಟಗಳಂತೆಯೇ ಆಯಿತೇ? ಇಲ್ಲ. ಜೋಯಿಡಾ ತಾಲ್ಲೂಕಿನಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದ ಬಳಿ ಕಡಲು ಸೇರುವ ಕಾಳಿ, ತನ್ನ ಕಣಿವೆಯನ್ನು ತಾನೇ ಕೊರೆದುಕೊಂಡಿದೆ. ಹಳ್ಳ ಹೊಳೆ ಸೇರುತ್ತದೆ, ಹೊಳೆ ನದಿ ಸೇರುತ್ತದೆ. ಬರಿಯ ಸಂಖ್ಯೆಗಳಿಂದ ಹುಟ್ಟಿದ ನೆಲಕ್ಕೆ ಇಂಥ ಮಳೆಯ ಚರಿತ್ರೆಯಿಲ್ಲ. ನೀರಿಗೆ ಹೊರದಾರಿಯೇ ಇಲ್ಲದ ತಗ್ಗುಗಳು ಅದರಲ್ಲಿ ಎಲ್ಲೆಂದರಲ್ಲಿ ಉಳಿಯುತ್ತವೆ.

ನೀರಿನ ನಿಯಮವೂ ಬೇರೆ. ಮೈನ್‌ಕ್ರಾಫ್ಟ್‌ನಲ್ಲಿ ನೀರಿನ ಮೂಲದ ಇಟ್ಟಿಗೆ ಸಮತಟ್ಟು ನೆಲದಲ್ಲಿ ಏಳು ಇಟ್ಟಿಗೆಯಷ್ಟು ದೂರ ಹರಿದು ನಿಲ್ಲುತ್ತದೆ. ಎರಡು ಇಟ್ಟಿಗೆ ಉದ್ದ, ಎರಡು ಇಟ್ಟಿಗೆ ಅಗಲದ ಹೊಂಡದಿಂದ ಎಷ್ಟು ಬಕೆಟ್ ಮೊಗೆದರೂ ನೀರು ಮುಗಿಯದು! ದ್ರವ್ಯರಾಶಿ ಸಂರಕ್ಷಣೆಯ ನಿಯಮವನ್ನು ಬೋಧಿಸುವ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆಟ ಆಡುವ ವಿದ್ಯಾರ್ಥಿಗಳನ್ನು ಗದರಿಸುವ ಬದಲು, ‘ಆಟದ ನಿಯಮ ನಿಸರ್ಗದ ನಿಯಮಕ್ಕಿಂತ ಎಲ್ಲೆಲ್ಲಿ ಬೇರೆ? ಪಟ್ಟಿ ಮಾಡಿ’ ಎಂದು ಕೇಳಿದರೆ ಒಂದು ಅವಧಿಯ ಪಾಠಕ್ಕೆ ಸಾಕಾಗುವಷ್ಟು ಉತ್ತರಗಳು ಬರುತ್ತವೆ.

ಇನ್ನೊಂದು ಚಟುವಟಿಕೆಯನ್ನು ದಾಂಡೇಲಿ, ಹಳಿಯಾಳ, ಜೋಯಿಡಾಗಳ ಶಾಲೆಗಳು ವಿಶೇಷವಾಗಿ ಕೈಗೊಳ್ಳಬಹುದು. ಅಣೆಕಟ್ಟಿಗೆ ಮುಂಚಿನ, ಸಮೋನ್ನತಿ ರೇಖೆಗಳಿರುವ ನಕ್ಷೆ ದೊರೆತರೆ ಅದನ್ನು ಚೌಕಗಳಾಗಿ ವಿಂಗಡಿಸಿ ಎತ್ತರ ಬರೆಯಿರಿ. ಸೂಪಾ ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 564 ಮೀಟರ್. ಜಲಾಶಯದ ಮೇಲ್ಭಾಗದ ಕಣಿವೆಯಲ್ಲಿ ಅದಕ್ಕಿಂತ ಕೆಳಗಿರುವ ಚೌಕಗಳಿಗೆ ನೀಲಿ ಬಳಿಯಿರಿ. ಹಿಂದೆ ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಊರು ಆ ನೀಲಿಯಲ್ಲಿ ಮುಳುಗುವುದು ಕಾಣುತ್ತದೆ. ಅಲ್ಲಿನ ಅನೇಕ ಕುಟುಂಬಗಳು ರಾಮನಗರಕ್ಕೆ ಹೋಗಿ ನೆಲೆಸಬೇಕಾಯಿತು. ಪರದೆಯ ಮೇಲಿನ ಕಣಿವೆಯನ್ನು ಅದೇ ಬೀಜದಿಂದ ಮತ್ತೆ ಮೊದಲಿನಂತೆ ಬೆಳೆಸಬಹುದು. ಸೂಪಾದ ಕಣಿವೆಯನ್ನು ಹಾಗೆ ಮಾಡಲಾಗದು. ಆ ನೀಲಿ ಚೌಕಗಳಲ್ಲಿ ಮನೆ, ಗದ್ದೆ, ಕಾಡು ಎಷ್ಟೆಷ್ಟಿದ್ದವು ಎಂಬುದನ್ನು ಹಿರಿಯರನ್ನು ಕೇಳಿ ನಕ್ಷೆಯಲ್ಲಿ ತುಂಬಲು ವಿದ್ಯಾರ್ಥಿಗಳಿಗೆ ಹೇಳಿ.