ಊರಿಗೊಂದು ರುಚಿ: ಅಮಾಲ್ಫಿ ಕರಾವಳಿಯ ಊಟದ ದಾರಿ

ಇಟಲಿಯ ಕಂಪಾನಿಯಾ ಪ್ರಾಂತ್ಯದಲ್ಲಿ, ನೇಪಲ್ಸ್ ನಗರದ ಕೆಳಗೆ ಸಮುದ್ರಕ್ಕೆ ಚಾಚಿಕೊಂಡ ಸೊರೆಂತೊ ಪರ್ಯಾಯ ದ್ವೀಪದ ದಕ್ಷಿಣದ ಅಂಚೇ ಅಮಾಲ್ಫಿ ಕರಾವಳಿ. ಪೂರ್ವದ ವಿಯೆತ್ರಿಯಿಂದ ಪಶ್ಚಿಮದ ಪೊಸಿತಾನೊವರೆಗೆ ಬೆಟ್ಟ ನೇರವಾಗಿ ನೀರಿಗಿಳಿಯುತ್ತದೆ. ನಡುವೆ ಬಂಡೆ ಕಡಿದು ಮಾಡಿದ ಇಕ್ಕಟ್ಟಾದ ರಸ್ತೆ, ಅದರ ಮೇಲೂ ಕೆಳಗೂ ಗೂಡುಗಳಂತೆ ಅಂಟಿಕೊಂಡ ಮನೆಗಳು. ಈ ನೆಲದೃಶ್ಯವನ್ನು ಯುನೆಸ್ಕೊ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೋಟಕ್ಕೆ ಹೆಸರಾದ ಈ ದಂಡೆ ಊಟಕ್ಕೂ ಅಷ್ಟೇ ಹೆಸರುವಾಸಿ. ಇಲ್ಲಿ ಎಲ್ಲಿ ಉಣ್ಣಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಯಾವ ಊರಿನಲ್ಲಿ ಏನು ಹುಟ್ಟುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಊರಿಂದೂರಿಗೆ ರುಚಿ ಬದಲಾಗುವುದಕ್ಕೆ ಕಾರಣ ಬೆಟ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಕರಾವಳಿ ರಸ್ತೆ ಆಗುವವರೆಗೆ ಪಕ್ಕದ ಊರಿಗೆ ಹೋಗಲು ಇದ್ದದ್ದು ದೋಣಿ, ಇಲ್ಲವೆ ಕಾಲುದಾರಿಯ ಮೆಟ್ಟಿಲು. ಪ್ರತಿ ಊರೂ ತನ್ನ ಕಣಿವೆಯ ನೀರು, ತನ್ನ ಕೊಲ್ಲಿಯ ಮೀನು, ತನ್ನ ಬೆಟ್ಟದ ಹಾಲನ್ನೇ ನೆಚ್ಚಿ ಅಡುಗೆ ಕಟ್ಟಿಕೊಂಡಿತು. ಹಿಂಬದಿಯ ಪರ್ವತ ಶ್ರೇಣಿಯ ಹೆಸರು ಲತ್ತಾರಿ. ಹಾಲು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಹೀಗೆ ಒಂದೇ ತಟ್ಟೆಯಲ್ಲಿ ಕಡಲೂ ಕೊಟ್ಟಿಗೆಯೂ ಕೂಡುತ್ತವೆ.

ಚೆತಾರಾ: ಪೀಪಾಯಿಯ ಬಂಗಾರ

ಪೂರ್ವದ ಸಲೆರ್ನೊ ನಗರದ ಕಡೆಯಿಂದ ಬರುವವರಿಗೆ ಮೊದಲು ಸಿಗುವುದು ವಿಯೆತ್ರಿ. ಬಣ್ಣದ ಪಿಂಗಾಣಿಗೆ ಹೆಸರಾದ ಊರು ಇದು. ಕರಾವಳಿಯ ಎಷ್ಟೋ ಊಟದ ಮೇಜುಗಳ ಮೇಲಿನ ಹಳದಿ, ನೀಲಿ ತಟ್ಟೆಗಳು ಇಲ್ಲಿಯವೇ. ಅದರಾಚೆಯ ಚೆತಾರಾ ಇಂದಿಗೂ ಮೀನುಗಾರರ ಊರು. ಟ್ಯೂನಾ ಮತ್ತು ಆಂಚೊವಿ ಇದರ ಬದುಕು.

ಆಂಚೊವಿಯಿಂದ ಇಲ್ಲಿ ‘ಕೊಲತೂರಾ ದಿ ಅಲೀಚಿ’ ಎಂಬ ರಸ ತಯಾರಾಗುತ್ತದೆ. ವಸಂತ ಮತ್ತು ಬೇಸಿಗೆಯಲ್ಲಿ ಹಿಡಿದ ಮೀನಿನ ತಲೆ, ಕರುಳು ಕೈಯಲ್ಲೇ ತೆಗೆದು, ‘ತೆರ್ತ್ಸಿಞೊ’ ಎಂಬ ಪುಟ್ಟ ಮರದ ಪೀಪಾಯಿಯಲ್ಲಿ ಒಂದು ಪದರ ಮೀನು, ಒಂದು ಪದರ ಉಪ್ಪು ಎಂಬಂತೆ ಜೋಡಿಸಿ, ಮೇಲೆ ಮುಚ್ಚಳ ಮತ್ತು ಭಾರದ ಕಲ್ಲು ಹೇರುತ್ತಾರೆ. ತಿಂಗಳುಗಟ್ಟಲೆ ಮಾಗಿದ ಮೇಲೆ ಪೀಪಾಯಿಯ ತಳಕ್ಕೆ ತೂತು ಕೊರೆದರೆ, ಪದರಗಳ ಮೂಲಕ ಸೋಸಿಕೊಂಡು ಜೇನುಬಣ್ಣದ ರಸ ಹನಿಹನಿಯಾಗಿ ಇಳಿಯುತ್ತದೆ. ಪ್ರಾಚೀನ ರೋಮನ್ನರ ‘ಗಾರುಮ್’ ಎಂಬ ಮೀನಿನ ರಸದ ವಂಶಸ್ಥ ಇದೆಂದು ಪರಿಗಣಿಸಲಾಗಿದೆ. 2020ರಲ್ಲಿ ಇದಕ್ಕೆ ಯುರೋಪಿಯನ್ ಒಕ್ಕೂಟದ ಮೂಲಸ್ಥಾನ ಮಾನ್ಯತೆ ಸಿಕ್ಕಿತು.

ಚೆತಾರಾದ ಊಟದ ಮನೆಗಳಲ್ಲಿ ಕೇಳಬೇಕಾದದ್ದು ಕೊಲತೂರಾ ಹಾಕಿದ ಸ್ಪಗೆಟ್ಟಿ. ಉಪ್ಪಿಲ್ಲದ ನೀರಿನಲ್ಲಿ ಪಾಸ್ತಾ ಬೇಯಿಸಿ, ಒಲೆಯಿಂದ ಇಳಿಸಿದ ಮೇಲೆ ಬೆಳ್ಳುಳ್ಳಿ, ಆಲಿವ್ ಎಣ್ಣೆ, ಪಾರ್ಸ್ಲಿ ಸೊಪ್ಪಿನೊಂದಿಗೆ ಈ ರಸವನ್ನು ಕಲಸುತ್ತಾರೆ. ಉಪ್ಪಿನ ಕೆಲಸವನ್ನೂ ರಸವೇ ಮಾಡುತ್ತದೆ. ಕ್ರಿಸ್ಮಸ್ ಹಿಂದಿನ ರಾತ್ರಿ ಇಲ್ಲಿಯ ಮನೆಮನೆಯಲ್ಲೂ ಇದೇ ಊಟ.

ಮಯೋರಿ, ತ್ರಮೋಂತಿ, ಮಿನೋರಿ

ಮಯೋರಿಯ ವಿಶೇಷ ಬೇಸಿಗೆಯ ಒಂದು ಸಿಹಿ: ಚಾಕೊಲೇಟ್ ಹಾಕಿದ ಬದನೆಕಾಯಿ. ಬಿಲ್ಲೆಗಳಾಗಿ ಹೆಚ್ಚಿ ಕರಿದ ಬದನೆಯನ್ನು ಗಟ್ಟಿ ಚಾಕೊಲೇಟ್ ರಸದಲ್ಲಿ ಅದ್ದಿ, ಬಾದಾಮಿಯಂಥ ಬೀಜಗಳನ್ನೂ ಸಕ್ಕರೆಪಾಕದ ಹಣ್ಣಿನ ಸಿಪ್ಪೆಯನ್ನೂ ಸೇರಿಸಿ ತಣ್ಣಗೆ ಬಡಿಸುತ್ತಾರೆ. ಆಗಸ್ಟ್ 15ರ ಮಾತೆ ಮರಿಯಳ ಹಬ್ಬದ ಸುತ್ತ ಇದು ಎಲ್ಲ ಕಡೆ ಕಾಣಿಸಿಕೊಳ್ಳುತ್ತದೆ. ಎಣ್ಣೆಗಾಯಿಗೆ ಒಗ್ಗಿದ ನಾಲಗೆಗೆ ಇದು ವಿಚಿತ್ರವೆನಿಸಬಹುದು. ಆದರೆ ಬದನೆಯ ಮೆತ್ತನೆಯ ತಿರುಳು ಚಾಕೊಲೇಟನ್ನು ಹೀರಿಕೊಂಡಾಗ ತರಕಾರಿಯ ನೆನಪೇ ಉಳಿಯುವುದಿಲ್ಲ.

ಮಯೋರಿಯಿಂದ ಬೆಟ್ಟ ಹತ್ತಿದರೆ ತ್ರಮೋಂತಿ. ಹಲವು ಹಳ್ಳಿಗಳ ಈ ಸಮೂಹ ಪಿಜ್ಜಾ ಮಾಡುವವರ ನಾಡು. ಎರಡನೇ ಮಹಾಯುದ್ಧದ ನಂತರ ಇಲ್ಲಿಂದ ವಲಸೆ ಹೋದ ಕುಟುಂಬಗಳು ಉತ್ತರ ಇಟಲಿಯ ಊರೂರಿನಲ್ಲಿ ಪಿಜ್ಜಾ ಅಂಗಡಿ ತೆರೆದವು. ಕಡಲ ದಂಡೆಯ ಗದ್ದಲದಿಂದ ದೂರವಾಗಿ, ಕಟ್ಟಿಗೆಯ ಒಲೆಯ ಪಿಜ್ಜಾವನ್ನು ಅದನ್ನು ಮಾಡುವವರ ತವರಿನಲ್ಲೇ ತಿನ್ನಬೇಕೆಂದಿದ್ದರೆ ಇಲ್ಲಿಗೆ ಹತ್ತಬೇಕು. ‘ತಿಂತೋರೆ’ ಎಂಬ ಕಪ್ಪು ದ್ರಾಕ್ಷಿಯ ಬಹಳ ಹಳೆಯ ಬಳ್ಳಿಗಳೂ ಇಲ್ಲಿವೆ. ಊಟದ ಜೊತೆಗಿನ ಕೆಂಪು ವೈನ್ ಅವುಗಳದೇ.

ಮಿನೋರಿಯಲ್ಲಿ ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಬಂಗಲೆಯೊಂದರ ಅವಶೇಷವಿದೆ. ಊರಿನ ಹೆಮ್ಮೆಯ ತಿನಿಸು ‘ನ್ದುಂದೆರಿ’. ರಿಕೊಟ್ಟಾ ಎಂಬ ಮೆದು ಚೀಸನ್ನು ಹಿಟ್ಟಿನೊಂದಿಗೆ ನಾದಿ, ಪುಟ್ಟ ಉಂಡೆ ಮಾಡಿ, ಬೆರಳಿನಿಂದ ಗೀರೆಳೆದು ಬೇಯಿಸಿ, ಟೊಮೆಟೊ ರಸದಲ್ಲಿ ಬಡಿಸುವುದು ರೂಢಿ. ಊರ ರಕ್ಷಕಿ ಸಂತ ತ್ರೊಫಿಮೇನಾಳ ಜುಲೈ ಹಬ್ಬಕ್ಕೆ ಇದಿಲ್ಲದೆ ಊಟವಿಲ್ಲ. ರಿಕೊಟ್ಟಾ ಮತ್ತು ಪೇರ್ ಹಣ್ಣಿನ ಕೇಕಿಗೆ ಹೆಸರಾದ ಸಾಲ್ ದೆ ರೀಸೊ ಅವರ ಸಿಹಿತಿಂಡಿ ಅಂಗಡಿಯೂ ಈ ಊರಿನ ಕಡಲ ದಂಡೆಯಲ್ಲೇ ಇದೆ.

ಅಮಾಲ್ಫಿ: ನಿಂಬೆಯ ಚಪ್ಪರದಡಿ

ಅಮಾಲ್ಫಿ ತಲುಪುವ ಮುನ್ನವೇ, ಮಿನೋರಿ ಮತ್ತು ಮಯೋರಿಯ ನಡುವೆ ‘ನಿಂಬೆಯ ದಾರಿ’ ಎಂಬ ಹಳೆಯ ಕಾಲುದಾರಿಯಿದೆ. ಗಾರೆಯಿಲ್ಲದ ಕಲ್ಲಿನ ಕಟ್ಟೆಗಳ ಮೇಲೆ ಹಂತಹಂತವಾಗಿ ನಿಂತ ತೋಟಗಳು, ಚೆಸ್ಟ್‌ನಟ್ ಗಳುಗಳ ಚಪ್ಪರದ ಕೆಳಗೆ ಜೋತುಬಿದ್ದ ನಿಂಬೆ. ಈ ತಳಿಯ ಹೆಸರು ‘ಸ್ಫುಸಾತೊ’. ಕದಿರಿನಂತೆ ತುದಿ ಚೂಪಾದ ಆಕಾರದಿಂದ ಬಂದದ್ದು. ಇದಕ್ಕೆ 2001ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಇಳಿಜಾರಿನಲ್ಲಿ ಯಂತ್ರ ಓಡದು. ಹಿಂದೆ ತುಂಬಿದ ಬುಟ್ಟಿಗಳನ್ನು ಹೊತ್ತು ನೂರಾರು ಮೆಟ್ಟಿಲು ಇಳಿಯುತ್ತಿದ್ದ ಹೆಂಗಸರನ್ನು ‘ಫೊರ್ಮಿಕೆಲ್ಲೆ’, ಅಂದರೆ ಪುಟ್ಟ ಇರುವೆಗಳು, ಎಂದು ಕರೆಯುತ್ತಿದ್ದರು. ಈ ತಟ್ಟೆಗಳ ಹಿಂದೆ ಅವರ ಬೆನ್ನಿನ ಶ್ರಮವೂ ಇದೆ.

ಸ್ಫುಸಾತೊ ನಿಂಬೆಯ ಸಿಪ್ಪೆಯೊಳಗಿನ ಬಿಳಿ ಪದರ ದಪ್ಪ, ಕಹಿ ಕಡಿಮೆ. ಹಾಗಾಗಿ ಅದನ್ನು ಬಿಲ್ಲೆ ಮಾಡಿ ಸಕ್ಕರೆ ಉದುರಿಸಿಯೂ, ಎಣ್ಣೆ, ಉಪ್ಪು, ಪುದೀನ ಹಾಕಿ ಸಲಾಡ್ ಮಾಡಿಯೂ ತಿನ್ನುತ್ತಾರೆ. ಸಿಪ್ಪೆಯನ್ನು ಮದ್ಯಸಾರದಲ್ಲಿ ನೆನೆಸಿ ಸಕ್ಕರೆಪಾಕ ಬೆರೆಸಿದರೆ ಊಟದ ಕೊನೆಯ ಲಿಮೊನ್ಚೆಲ್ಲೊ. ಮೆತ್ತನೆಯ ಕೇಕಿನ ಗುಮ್ಮಟಕ್ಕೆ ನಿಂಬೆಯ ಕೆನೆ ತುಂಬಿ ಹೊದಿಸಿದರೆ ‘ದೆಲೀತ್ಸಿಯಾ ಅಲ್ ಲಿಮೋನೆ’. ಇದು 1978ರಲ್ಲಿ ಸೊರೆಂತೊದ ಕಾರ್ಮಿನೆ ಮರ್ತ್ಸುಯಿಲ್ಲೊ ರೂಪಿಸಿದ ಸಿಹಿ.

ಅಮಾಲ್ಫಿ ಊರಿನ ಮುಖ್ಯ ಚೌಕದಲ್ಲಿ, ಕ್ಯಾಥೆಡ್ರಲ್ ಚರ್ಚಿನ ಮೆಟ್ಟಿಲ ಎದುರಿಗೇ 1830ರಲ್ಲಿ ಆರಂಭವಾದ ‘ಪಾನ್ಸಾ’ ಎಂಬ ಸಿಹಿ ಅಂಗಡಿಯಿದೆ. ಸಕ್ಕರೆಪಾಕದ ನಿಂಬೆ ಸಿಪ್ಪೆಗೆ ಅದು ಹೆಸರಾದದ್ದು. 1959ರಲ್ಲಿ ತೆರೆದ ‘ಲಾ ಕರವೆಲ್ಲಾ’ ದಕ್ಷಿಣ ಇಟಲಿಗೆ ಮೊದಲ ಮಿಶೆಲಿನ್ ನಕ್ಷತ್ರ ತಂದ ಭೋಜನಶಾಲೆ ಎಂದು ಹೆಸರಾಗಿದೆ. ಇವುಗಳ ಜೊತೆಗೆ, ಈ ಊರು ಜಗತ್ತಿಗೆ ಕೊಟ್ಟ ಪಾಸ್ತಾ ‘ಶಲತಿಯೆಲ್ಲಿ’. ಬಾಣಸಿಗ ಎನ್ರಿಕೊ ಕೊಸೆಂತೀನೊ 1970ರ ದಶಕದಲ್ಲಿ ರೂಪಿಸಿದ ಈ ದಪ್ಪನೆಯ ಗಿಡ್ಡ ಎಳೆಗಳ ಹಿಟ್ಟಿಗೆ ಹಾಲು, ಚೀಸ್, ತುಳಸಿ ಜಾತಿಯ ಬೆಸಿಲ್ ಸೊಪ್ಪು ಬೀಳುತ್ತವೆ. ಚಿಪ್ಪುಮೀನಿನೊಂದಿಗೆ ಬಡಿಸುವುದು ವಾಡಿಕೆ.

ಕೊಂಕಾ, ಪ್ರಯಾನೊ, ಪೊಸಿತಾನೊ

ಕೊಂಕಾ ದೇಯಿ ಮರೀನಿಯ ಬಂಡೆಯ ಮೇಲೆ ಸಂತ ರೋಸಾಳ ಹೆಸರಿನ ಕನ್ಯಾಮಠವೊಂದಿತ್ತು. ಆ ಕಟ್ಟಡ ಈಗ ಹೋಟೆಲು. ಅಡುಗೆಮನೆಯಲ್ಲಿ ಉಳಿದ ರವೆಗೆ ಒಣಹಣ್ಣು, ಸಕ್ಕರೆ, ನಿಂಬೆಯ ಮದ್ಯ ಬೆರೆಸಿ, ಹಿಟ್ಟಿನ ಪದರಗಳ ನಡುವೆ ಸುತ್ತಿ ಬೇಯಿಸಿದ ಸನ್ಯಾಸಿನಿಯಿಂದ ‘ಸ್ಫೊಲ್ಯತೆಲ್ಲಾ’ ಹುಟ್ಟಿತೆಂಬುದು ಐತಿಹ್ಯ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪಾಸ್ಕ್ವಾಲೆ ಪಿಂತಾವುರೊ ಎಂಬ ಅಂಗಡಿಕಾರ ಅದನ್ನು ನೇಪಲ್ಸಿನಲ್ಲಿ ಜನಪ್ರಿಯಗೊಳಿಸಿದ. ನೇಪಲ್ಸಿನ ಬಗೆಯ ಮೇಲೆ ಕೆನೆ ಇರುವುದಿಲ್ಲ. ಕೊಂಕಾದ ‘ಸಂತಾ ರೋಸಾ’ ಬಗೆಯ ಮೇಲೆ ಕೆನೆ ಮತ್ತು ಹುಳಿ ಚೆರ್ರಿ ಇರುತ್ತವೆ.

ಪ್ರಯಾನೊದಲ್ಲಿ ಕಣವೆ ಮೀನಿನ ಜಾತಿಯ ‘ತೋತನೊ’ವನ್ನು ಆಲೂಗಡ್ಡೆಯೊಂದಿಗೆ ಬೇಯಿಸುತ್ತಾರೆ. ರಾತ್ರಿ ದೀಪ ಹಚ್ಚಿಕೊಂಡು ಅದನ್ನು ಹಿಡಿಯಲು ಹೋಗುತ್ತಿದ್ದ ಬಡ ಮೀನುಗಾರರ ಊಟ ಇದು. ಪೊಸಿತಾನೊ ಕರಾವಳಿಯ ಅತಿ ದುಬಾರಿ ಊರುಗಳಲ್ಲಿ ಒಂದು. ಅಲ್ಲಿಯ ಮುಖ್ಯ ದಂಡೆಯಿಂದ ಕೆಂಪು ಮೀನಿನ ಗುರುತಿನ ದೋಣಿ ಹತ್ತಿದರೆ ಲವುರೀತೊ ಎಂಬ ಪುಟ್ಟ ಕೊಲ್ಲಿಯ ‘ದಾ ಅದೊಲ್ಫೊ’ಗೆ ಹೋಗಬಹುದು. ನಿಂಬೆ ಎಲೆಗಳ ನಡುವೆ ಮೊಜರೆಲ್ಲಾ ಇಟ್ಟು ಕೆಂಡದ ಮೇಲೆ ಸುಟ್ಟುಕೊಡುವುದು ಇಲ್ಲಿಯ ವಿಶೇಷ. ಎಲೆಯನ್ನು ತಿನ್ನುವುದಿಲ್ಲ; ಅದರ ಘಮ ಮಾತ್ರ ಚೀಸಿಗೆ ಹತ್ತುತ್ತದೆ.

ಬೆಟ್ಟದ ಮೇಲೂ ಪರ್ಯಾಯ ದ್ವೀಪದ ತುದಿಯಲ್ಲೂ

ಲತ್ತಾರಿಗೆ ಹೆಸರು ಕೊಟ್ಟ ಹಾಲಿನ ನಿಜವಾದ ತವರು ಬೆಟ್ಟದ ಮೇಲಿನ ಆಜೆರೋಲಾ. ಅಲ್ಲಿಯ ಹಸುವಿನ ಹಾಲಿನಿಂದ ‘ಫಿಯೋರ್ ದಿ ಲಾತ್ತೆ’ ಎಂಬ ತಾಜಾ ಚೀಸ್ ಆಗುತ್ತದೆ. ಲತ್ತಾರಿ ಬೆಟ್ಟಗಳ ಇನ್ನೊಂದು ಚೀಸ್ ‘ಪ್ರೊವೊಲೋನೆ ದೆಲ್ ಮೋನಕೊ’, ಅಂದರೆ ಸನ್ಯಾಸಿಯ ಪ್ರೊವೊಲೋನೆ. ಚೀಸ್ ಹೊತ್ತು ದೋಣಿಯಲ್ಲಿ ನೇಪಲ್ಸಿಗೆ ಬರುತ್ತಿದ್ದ ರೈತರು ಚಳಿಗೆ ಹೊದ್ದ ಕಂಬಳಿಯಲ್ಲಿ ಸನ್ಯಾಸಿಗಳಂತೆ ಕಾಣುತ್ತಿದ್ದರಂತೆ. ಪೊಸಿತಾನೊ ದಾಟಿ, ಪರ್ಯಾಯ ದ್ವೀಪದ ತುದಿಯ ಬಳಿಯಿರುವ ನೆರಾನೊ ಎಂಬ ಹಳ್ಳಿಯಲ್ಲಿ ಈ ಚೀಸ್ ಮತ್ತು ಕರಿದ ಜುಕಿನಿ ಬಿಲ್ಲೆಗಳು ಕೂಡಿದ ಸ್ಪಗೆಟ್ಟಿಯೇ ಊರ ಹೆಸರನ್ನು ಹೊತ್ತಿದೆ. 1950ರ ದಶಕದಲ್ಲಿ ‘ಮರಿಯಾ ಗ್ರಾತ್ಸಿಯಾ’ ಎಂಬ ಊಟದ ಮನೆಯಲ್ಲಿ ಇದು ಹುಟ್ಟಿತೆಂದು ಹೇಳುತ್ತಾರೆ.

ಮೇಜಿಗೆ ಕೂರುವ ಮುನ್ನ

ಫಲಕದ ಮೇಲಿನ ಪದ ಊಟದ ಬಗೆಯನ್ನು ಸೂಚಿಸುತ್ತದೆ. ‘ರಿಸ್ತೊರಾಂತೆ’ ಎಂದರೆ ಶಿಷ್ಟಾಚಾರದ ದೊಡ್ಡ ಭೋಜನಶಾಲೆ; ‘ತ್ರತ್ತೊರಿಯಾ’ ಮನೆಯವರೇ ನಡೆಸುವ ಸರಳ ಊಟದ ಮನೆ; ‘ಸಲುಮೆರಿಯಾ’ ಚೀಸ್, ಬ್ರೆಡ್ ಮಾರುವ ದಿನಸಿ ಅಂಗಡಿ, ಕಡಿಮೆ ಖರ್ಚಿನ ಬುತ್ತಿ ಕಟ್ಟಿಸಲು ಅನುಕೂಲ. ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಮೂರರವರೆಗೆ, ರಾತ್ರಿಯದು ಏಳೂವರೆಯ ನಂತರ. ನಡುವೆ ಅನೇಕ ಅಡುಗೆಮನೆಗಳು ಮುಚ್ಚಿರುತ್ತವೆ. ಬಿಲ್ಲಿನಲ್ಲಿ ಕಾಣುವ ‘ಕೊಪೆರ್ತೊ’ ತಲೆಗಿಷ್ಟು ಎಂದು ಹಾಕುವ ಮೇಜಿನ ಶುಲ್ಕ. ಇಡೀ ಮೀನಿನ ದರ ಹಲವೆಡೆ ‘ಎತ್ತೊ’, ಅಂದರೆ 100 ಗ್ರಾಮ್ ಲೆಕ್ಕದಲ್ಲಿರುತ್ತದೆ. ತೂಗಿಸಿ ಬೆಲೆ ಕೇಳಿಯೇ ಒಪ್ಪಬೇಕು. ಚಳಿಗಾಲದಲ್ಲಿ ಬಹಳಷ್ಟು ಊಟದ ಮನೆಗಳು ಬಾಗಿಲು ಹಾಕುತ್ತವೆ. ರಸ್ತೆಯ ದಟ್ಟಣೆ ತಪ್ಪಿಸಲು ಬೇಸಿಗೆಯಲ್ಲಿ ಊರುಗಳ ನಡುವೆ ಓಡುವ ದೋಣಿಗಳೇ ಮೇಲು.

ಸಸ್ಯಾಹಾರಿಗಳಿಗೂ ಇಲ್ಲಿ ಊಟಕ್ಕೆ ಬರವಿಲ್ಲ: ನೆರಾನೊದ ಸ್ಪಗೆಟ್ಟಿ, ನ್ದುಂದೆರಿ, ಬದನೆಯ ಪರ್ಮಿಜಾನಾ, ಹೆಸರಿನಲ್ಲಿ ಕಡಲಿದ್ದರೂ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಮಾತ್ರ ಇರುವ ಮರಿನಾರಾ ಪಿಜ್ಜಾ. ಆದರೆ ಕೊಲತೂರಾ ಕಣ್ಣಿಗೆ ಕಾಣದೆ ತರಕಾರಿಯಲ್ಲೂ ಸೇರಿರಬಹುದು. ಸ್ಫೊಲ್ಯತೆಲ್ಲಾದ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು ಹಾಕುತ್ತಾರೆ. ಚೀಸ್ ಹೆಪ್ಪುಗಟ್ಟಿಸುವುದಕ್ಕೂ ಎಳೆಗರು ಇಲ್ಲವೆ ಆಡುಮರಿಯ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಕೆಯುಂಟು. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ’, ಮಾಂಸ ಬೇಡ, ಮೀನು ಬೇಡ, ಎಂಬ ಮಾತು ಕಲಿತಿದ್ದರೆ ಕೇಳುವುದು ಸುಲಭ.

ಒಂದೇ ಊರಿನಲ್ಲಿ ತಂಗಿದರೂ ಒಂದೇ ಊರಿನಲ್ಲಿ ಉಣ್ಣಬೇಕಿಲ್ಲ. ಮಧ್ಯಾಹ್ನ ಚೆತಾರಾದ ಬಂದರಿನಲ್ಲಿ ಸ್ಪಗೆಟ್ಟಿ, ಸಂಜೆ ಮಿನೋರಿಯಲ್ಲಿ ಸಿಹಿ, ಮರುದಿನ ತ್ರಮೋಂತಿಯ ಬೆಟ್ಟದಲ್ಲಿ ಪಿಜ್ಜಾ: ಹೀಗೆ ಹೆಜ್ಜೆ ಹಾಕಿದವರಿಗೆ ಈ ಕರಾವಳಿ ತನ್ನ ಪೂರ್ತಿ ಊಟವನ್ನು ಬಡಿಸುತ್ತದೆ.